ಕನ್ನಡ ಪಠ್ಯ ಸಂಶೋಧನೆಗೆ ಲಿಸ್ಪ್: ವಿಂಡೋಸ್ ಗಣಕದಲ್ಲಿ ಪರಿಸರದ ಆಯ್ಕೆ

ಪದಪ್ರಯೋಗಸೂಚಿ, ಪಾಠಾಂತರಗಳ ತುಲನೆ, ಸಂಧಿವಿಚ್ಛೇದ, ರೂಪವಿಶ್ಲೇಷಣೆ ಮೊದಲಾದ ಕೆಲಸಗಳಿಗೆ ಗಣಕವನ್ನು ಬಳಸಬಯಸುವ ಸಂಶೋಧಕರು ಮೊತ್ತಮೊದಲು ಕೇಳುವ ಪ್ರಶ್ನೆ ಯಾವ ಭಾಷೆಯಲ್ಲಿ ಕ್ರಮವಿಧಿ ಬರೆಯಬೇಕೆಂಬುದು. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ ಭಾಷೆಯನ್ನು ಯಾವ ಪರಿಸರದಲ್ಲಿ ಬಳಸಬೇಕು? ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿರುವವರಿಗೆ ಪಕ್ಕದ ವಿಭಾಗದಲ್ಲಿ ವಿಚಾರಿಸಿ ತಿಳಿಯುವ ಅನುಕೂಲ ಇದ್ದೀತು. ದೆಹಲಿ, ಪುಣೆ, ಹೈದರಾಬಾದುಗಳಲ್ಲಿ ಒಬ್ಬಂಟಿಯಾಗಿ ಕನ್ನಡ ಪಠ್ಯದೊಡನೆ ಕೆಲಸಮಾಡುವವರಿಗೆ ಗಣಕ ವಿಭಾಗದವರ ನೆರವು ದೊರೆತರೂ ಅವರಿಗೆ ನಮ್ಮ ಲಿಪಿ ತಿಳಿಯದು. ಒತ್ತಕ್ಷರ ತಪ್ಪಾಗಿ ಮೂಡಿದೆ ಎಂಬುದಾಗಲಿ, ಅಕಾರಾದಿಯಲ್ಲಿ ಳಕಾರ ತನ್ನ ಸ್ಥಾನ ತಪ್ಪಿದೆ ಎಂಬುದಾಗಲಿ ಅವರ ಕಣ್ಣಿಗೆ ಬೀಳದು. ಆದ್ದರಿಂದ ಈ ಆಯ್ಕೆಯನ್ನು ಕನ್ನಡದ ಸಂಶೋಧಕನೇ ತಿಳಿದು ಮಾಡಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಲಿಸ್ಪ್ ಎಂಬ ಒಂದು ಭಾಷೆಯನ್ನು, ವಿಭಾಗಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಿಂಡೋಸ್ ಗಣಕವನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಲಿಸ್ಪ್ ಏಕೆ ಎಂಬ ಆಕ್ಷೇಪಕ್ಕೆ ಮೊದಲು ಉತ್ತರ ಹೇಳುವುದು ಯುಕ್ತ. ಒಂದು ಕಾವ್ಯದಲ್ಲಿ ಯಾವ ಪದ ಎಷ್ಟು ಬಾರಿ ಬಂದಿದೆಯೆಂದು ಎಣಿಸುವುದಷ್ಟೇ ಉದ್ದೇಶವಾದರೆ ಲಿಸ್ಪಿನ ಅಗತ್ಯವಿಲ್ಲ. ಪೈಥಾನ್ ಸಾಕು, ಅದನ್ನು ಕಲಿಸುವವರೂ ಎಲ್ಲೆಡೆ ಸಿಗುತ್ತಾರೆ. ವ್ಯಾಕರಣದ ನಿಯಮಗಳನ್ನೇ ಗಣಕಕ್ಕೆ ತಿಳಿಸಬೇಕಾದಾಗ ಮಾತು ಬೇರೆಯಾಗುತ್ತದೆ. ಲಿಸ್ಪಿನಲ್ಲಿ ದತ್ತವೂ ಕ್ರಮವಿಧಿಯೂ ಒಂದೇ ಆಕಾರದವು, ಎರಡೂ ಆವರಣದೊಳಗಿನ ಪಟ್ಟಿಗಳು. (+ 2 3 4) ಎಂಬುದು ಕೂಡಿಸುವ ಆದೇಶ. (ಮನೆ (ಬಹುವಚನ ಗಳು) (ಸಪ್ತಮಿ ಅಲ್ಲಿ)) ಎಂಬುದು ‘ಮನೆಗಳಲ್ಲಿ’ ಎಂಬ ರೂಪದ ವಿಶ್ಲೇಷಣೆ. ಹೊರನೋಟಕ್ಕೆ ಇವೆರಡರ ನಡುವೆ ಭೇದವಿಲ್ಲ. ಆದ್ದರಿಂದ ಸಂಧಿನಿಯಮಗಳನ್ನು ಪಟ್ಟಿಗಳಾಗಿ ಬರೆದಿಟ್ಟು, ಅವನ್ನು ಓದಿ ನಡೆಸುವ ಚಿಕ್ಕ ಯಂತ್ರವೊಂದನ್ನು ಅದೇ ಭಾಷೆಯಲ್ಲಿ ಕಟ್ಟಬಹುದು. ನಿಯಮ ಬದಲಾದರೆ ಯಂತ್ರವನ್ನು ಮುಟ್ಟಬೇಕಾಗಿಲ್ಲ. ಭಾಷಾವಿಜ್ಞಾನಿಗಳು ಈ ಭಾಷೆಯನ್ನು ಬಹುಕಾಲದಿಂದ ಬಳಸಿಕೊಂಡು ಬಂದಿರುವುದಕ್ಕೆ ಕಾರಣವಿದು. ಫಿನ್‌ಲೆಂಡಿನ ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲಿ ಮಂಡಿಸಿದ ದ್ವಿಸ್ತರ ರೂಪವಿಶ್ಲೇಷಣೆಯನ್ನು ಲೌರಿ ಕಾರ್ಟುನೆನ್ ಅದೇ ವರ್ಷ ಟೆಕ್ಸಾಸಿನಲ್ಲಿ ಲಿಸ್ಪಿಗೆ ಅಳವಡಿಸಿದರು. ಫಿನ್ನಿಶ್ ಕೂಡ ಕನ್ನಡದಂತೆ ಪ್ರತ್ಯಯಗಳನ್ನು ಒಂದರ ಹಿಂದೊಂದಾಗಿ ಪೋಣಿಸುವ ಭಾಷೆ ಎಂಬುದನ್ನು ಇಲ್ಲಿ ನೆನೆಯಬಹುದು.

‘ಪರಿಸರ’ ಎಂಬ ಮಾತನ್ನು ನಾವು ಯಾವ ಅರ್ಥದಲ್ಲಿ ಬಳಸುತ್ತಿದ್ದೇವೆಂಬುದನ್ನು ಸ್ಪಷ್ಟಪಡಿಸಲು ಸ್ವಲ್ಪ ಇತಿಹಾಸ ಬೇಕು. ಜಾನ್ ಮೆಕಾರ್ಥಿ ಎಂಐಟಿಯಲ್ಲಿ 1958ರಲ್ಲಿ ಲಿಸ್ಪಿನ ಕಲ್ಪನೆಗೆ ತೊಡಗಿ 1960ರಲ್ಲಿ ಅದರ ಸಿದ್ಧಾಂತವನ್ನು ಪ್ರಕಟಿಸಿದರು. ಅವರ ಸಹಾಯಕ ಸ್ಟೀವ್ ರಸೆಲ್ ಕಾಗದದ ಮೇಲಿದ್ದ ‘ಇವ್ಯಾಲ್’ ಎಂಬ ಸೂತ್ರವನ್ನು ಐಬಿಎಂ 704 ಯಂತ್ರದ ಸಂಕೇತಕ್ಕೆ ಇಳಿಸಿದಾಗ ಲಿಸ್ಪ್ ಸಂವಾದದ ಭಾಷೆಯಾಗುವ ದಾರಿ ತೆರೆಯಿತು: ಒಂದು ಪಟ್ಟಿಯನ್ನು ಬರೆದರೆ ಯಂತ್ರ ಅದನ್ನು ಓದಿ, ಬೆಲೆಕಟ್ಟಿ, ಉತ್ತರವನ್ನು ಹೇಳಿ, ಮುಂದಿನದಕ್ಕೆ ಕಾಯುತ್ತದೆ. ಈ ಸಂವಾದದ ಸುತ್ತ ಸಂಪಾದಕ, ದೋಷಶೋಧಕ, ಪರಿಶೀಲಕ ಮುಂತಾದ ಉಪಕರಣಗಳು ಬೆಳೆದವು. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಕೇಂದ್ರದಲ್ಲಿ ಬೆಳೆದ ಇಂಟರ್‌ಲಿಸ್ಪ್, ಎಂಐಟಿಯಲ್ಲಿ 1970ರ ದಶಕದಲ್ಲಿ ಸಿದ್ಧವಾದ ಲಿಸ್ಪ್ ಯಂತ್ರ — ಇವೆರಡರಲ್ಲಿ ಕಿಟಕಿಗಳಿದ್ದವು, ಮೌಸ್ ಇತ್ತು, ಚಿತ್ರಪರದೆ ಇತ್ತು. ಅಂದರೆ 1984ರಲ್ಲಿ ಮ್ಯಾಕಿಂಟಾಶ್ ಬರುವ ಮೊದಲೇ ಲಿಸ್ಪ್ ಚಿತ್ರಾತ್ಮಕ ಪರಿಸರದ ನಿವಾಸಿಯಾಗಿತ್ತು. ಇಂಟರ್‌ಲಿಸ್ಪಿಗೆ 1992ರಲ್ಲಿ ಎಸಿಎಂ ಸಂಸ್ಥೆಯ ತಂತ್ರಾಂಶ ಪ್ರಶಸ್ತಿ ಸಂದುದು ಭಾಷೆಗಿಂತ ಹೆಚ್ಚಾಗಿ ಈ ಪರಿಸರಕ್ಕೆ ಸಂದ ಗೌರವ.

ಆ ಯಂತ್ರಗಳು ದುಬಾರಿಯಾಗಿದ್ದವು. ಅಗ್ಗದ ಗಣಕಗಳು ಬಂದ ಮೇಲೆ ಮಾರುಕಟ್ಟೆಯಿಂದ ಮರೆಯಾದವು. ಆದರೆ ಒಂದು ಸಾರ್ವತ್ರಿಕ ಒಪ್ಪಂದ ಉಳಿಯಿತು. ಚದುರಿದ್ದ ಲಿಸ್ಪುಗಳನ್ನು ಒಂದುಗೂಡಿಸಿ ಗೈ ಸ್ಟೀಲ್ 1984ರಲ್ಲಿ ವಿವರಿಸಿದ ಕಾಮನ್ ಲಿಸ್ಪಿಗೆ 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. ಅಂದಿನಿಂದ ಆ ಮಾನಕ ಬದಲಾಗಿಲ್ಲ. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ನಿಘಂಟಿನಂತಹ ದೀರ್ಘಕಾಲದ ಕೆಲಸ ಹಿಡಿದವರಿಗೆ ಅದು ಗುಣವಾಗಿಯೇ ತೋರುತ್ತದೆ: ಮಾನಕಕ್ಕೆ ಬದ್ಧವಾಗಿ 1995ರಲ್ಲಿ ಬರೆದ ಕ್ರಮವಿಧಿ ಇಂದೂ ನಡೆಯುತ್ತದೆ. ಮಾನಕ ಹೇಳದೆ ಬಿಟ್ಟ ವಿಷಯಗಳು ಮಾತ್ರ ನಮ್ಮ ಪಾಲಿಗೆ ತೊಡಕಿನವು. ಕಿಟಕಿಗಳನ್ನು ತೆರೆಯುವುದು ಹೇಗೆಂದು ಅದು ಹೇಳುವುದಿಲ್ಲ. ಕನ್ನಡದಂತಹ ಲಿಪಿಯ ಸಂಕೇತಗಳನ್ನು ಕಡತದಿಂದ ಓದುವುದು ಹೇಗೆಂದೂ ಹೇಳುವುದಿಲ್ಲ. ಇವೆರಡೂ ಆಯಾ ತಯಾರಕರ ವಿವೇಚನೆಗೆ ಬಿಟ್ಟವು. ಪರಿಸರಗಳ ನಡುವಣ ನಿಜವಾದ ವ್ಯತ್ಯಾಸ ಇರುವುದು ಇಲ್ಲಿಯೇ.

ಆದ್ದರಿಂದ ವೇಗ, ಬೆಲೆ, ಕಿಟಕಿಗಳ ಸೊಬಗು ಇವುಗಳನ್ನು ನೋಡುವ ಮೊದಲು ಕನ್ನಡದ ಒಂದು ಪದವನ್ನು ಆ ಪರಿಸರಕ್ಕೆ ಕೊಟ್ಟು ನೋಡುವುದು ಉಚಿತ. ಯೂನಿಕೋಡಿನಲ್ಲಿ ಕನ್ನಡಕ್ಕೆ ದಶಮಾನದ ಲೆಕ್ಕದಲ್ಲಿ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ‘ಕನ್ನಡ’ ಎಂಬ ಪದ ಗಣಕದಲ್ಲಿ 3221, 3240, 3277, 3240, 3233 ಎಂಬ ಐದು ಸಂಕೇತಗಳ ಸಾಲು. ನಡುವಿನ 3277 ವಿರಾಮದ, ಅಂದರೆ ಅರ್ಧಾಕ್ಷರ ಮಾಡುವ ಚಿಹ್ನೆಯ ಸಂಕೇತ. ಯುಟಿಎಫ್-8 ಕ್ರಮದಲ್ಲಿ ಕಡತದಲ್ಲಿ ಬರೆದಾಗ ಇದೇ ಪದ 15 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಯೂನಿಕೋಡಿನ ಸಾಮಾನ್ಯ ಖಂಡನಿಯಮದಂತೆ ಒಡೆದರೆ ಕ, ನ್, ನ, ಡ ಎಂದು ನಾಲ್ಕು ತುಂಡುಗಳು. ಶಾಲೆಯ ಮಗುವನ್ನು ಕೇಳಿದರೆ ಮೂರು ಅಕ್ಷರ ಎನ್ನುತ್ತದೆ. ಛಂದಸ್ಸಿನ ವಿದ್ಯಾರ್ಥಿಗೆ ಬೇಕಾದುದೂ ಆ ಮೂರೇ. ‘ಉದ್ದವೆಷ್ಟು’ ಎಂದು ಕೇಳಿದಾಗ ಪರಿಸರ 15 ಎಂದು ಉತ್ತರಿಸಿದರೆ ಅದು ಕನ್ನಡವನ್ನು ಓದಿಯೇ ಇಲ್ಲ, ಬೈಟುಗಳನ್ನು ನುಂಗಿದೆ ಎಂದರ್ಥ. 5 ಎಂದರೆ ಓದಿದೆ. 3 ಎಂಬ ಉತ್ತರವನ್ನು ಯಾವ ಲಿಸ್ಪೂ ತಾನಾಗಿ ಕೊಡುವುದಿಲ್ಲ, ಅದನ್ನು ನಾವೇ ಬರೆದುಕೊಳ್ಳಬೇಕು. ನಿಯಮ ಸುಲಭ: ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ವಿರಾಮಗಳು ಹಿಂದಿನದಕ್ಕೆ ಸೇರುತ್ತವೆ, ವಿರಾಮದ ಬೆನ್ನಿಗೆ ಬಂದ ವ್ಯಂಜನವೂ ಹಿಂದಿನದಕ್ಕೆ ಸೇರುತ್ತದೆ, ಉಳಿದ ಕಡೆಯಲ್ಲೆಲ್ಲ ಹೊಸ ಅಕ್ಷರ ಆರಂಭ. ಲಿಸ್ಪಿನಲ್ಲಿ ಇದು ಹತ್ತು ಹದಿನೈದು ಸಾಲಿನ ಕೆಲಸ.

ಪರೀಕ್ಷೆಗೆ ‘ಕನ್ನಡ’ ಪದವೊಂದನ್ನೇ ನೆಚ್ಚಬಾರದು. ಅದರ ಸಂಕೇತಗಳನ್ನು ಹಿಂದುಮುಂದಾಗಿಸಿದರೆ ‘ಡನ್ನಕ’ ಎಂದು ಸರಿಯಾಗಿಯೇ ಕಾಣುತ್ತದೆ, ಅದು ಆಕಸ್ಮಿಕ. ‘ಅಕ್ಷರ’ ಎಂಬುದನ್ನು ತಿರುಗಿಸಿದರೆ ‘ರಷ್ಕಅ’ ಎಂದಾಗುತ್ತದೆ. ಪ್ರಾಸ, ಅಂತ್ಯಪ್ರತ್ಯಯಗಳ ಅಧ್ಯಯನಕ್ಕಾಗಿ ಪದಗಳನ್ನು ಕೊನೆಯಿಂದ ವಿಂಗಡಿಸುವವರು ಮೊದಲು ಅಕ್ಷರಗಳಾಗಿ ಒಡೆದು ಅನಂತರ ತಿರುಗಿಸಬೇಕು. ಸಂಧಿಯ ಕೆಲಸಕ್ಕೆ ಅಕ್ಷರವೂ ಸಾಲದು, ವರ್ಣಕ್ಕೇ ಇಳಿಯಬೇಕು. ‘ಮನೆಗಳು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಮನೆಗಳಲ್ಲಿ’ ಆಗುವಾಗ ಲೋಪವಾಗುವ ಉಕಾರ ಬರವಣಿಗೆಯಲ್ಲಿ ಳಕಾರದ ಕೆಳಗಿನ ಕೊಂಬು ಮಾತ್ರ. ಕೇಶಿರಾಜ ಸಂಧಿಪ್ರಕರಣದಲ್ಲಿ ವಿಚಾರಮಾಡಿದುದು ವರ್ಣಗಳನ್ನು, ಲಿಪಿಯ ಆಕಾರಗಳನ್ನಲ್ಲ. ‘ಮನೆ’ ಎಂಬುದನ್ನು (ಮ್ ಅ ನ್ ಎ) ಎಂಬ ಪಟ್ಟಿಯಾಗಿ ಇಟ್ಟುಕೊಂಡರೆ ಲೋಪ, ಆಗಮ, ಆದೇಶಗಳು ಪಟ್ಟಿಯಿಂದ ತೆಗೆಯುವ, ಪಟ್ಟಿಗೆ ಸೇರಿಸುವ, ಬದಲಿಸುವ ಸರಳ ಕ್ರಿಯೆಗಳಾಗುತ್ತವೆ. ನಮ್ಮ ವ್ಯಾಕರಣ ಪರಂಪರೆಗೂ ಪಟ್ಟಿಗಳ ಭಾಷೆಗೂ ಇರುವ ಈ ಹೊಂದಿಕೆ ಆಕಸ್ಮಿಕವೇ ಇರಬಹುದು, ಆದರೆ ಉಪಯುಕ್ತ.

ಒಂದೇ ರೂಪ ಎರಡು ಬಗೆಯ ಸಂಕೇತಗಳಲ್ಲಿ ಅಡಗಿರುವುದು ಇನ್ನೊಂದು ತೊಡಕು. ‘ಕೋ’ ಎಂಬುದನ್ನು ಎರಡು ಸಂಕೇತಗಳಲ್ಲಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘಚಿಹ್ನೆ ಎಂದು ಬಿಡಿಸಿ ನಾಲ್ಕು ಸಂಕೇತಗಳಲ್ಲಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯೂನಿಕೋಡಿನ ದೃಷ್ಟಿಯಲ್ಲಿಯೂ ಸಮಾನ. ಆದರೆ ಲಿಸ್ಪಿನ ಸಾಮಾನ್ಯ ಹೋಲಿಕೆ ಅವನ್ನು ಬೇರೆಬೇರೆ ಪದಗಳೆಂದು ತೀರ್ಮಾನಿಸುತ್ತದೆ. ಪಠ್ಯವನ್ನು ಒಳಗೆ ಬಿಟ್ಟುಕೊಳ್ಳುವಾಗಲೇ ಏಕರೂಪಗೊಳಿಸುವ ಸೌಲಭ್ಯ ಪರಿಸರದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಕಣ್ಣಿಗೆ ಕಾಣದ ಸಂಕೇತಗಳದು ಇನ್ನೂ ಹೆಚ್ಚಿನ ಕಾಟ. ಅನ್ಯಭಾಷೆಯ ಪದಗಳಲ್ಲಿ ಒತ್ತು ಕೂಡದಂತೆ ತಡೆಯಲು ಬಳಸುವ ಶೂನ್ಯಗಾತ್ರದ 8204ನೆಯ ಸಂಕೇತವನ್ನು ಒಬ್ಬ ಬೆರಳಚ್ಚುಗಾರ ಹಾಕಿರುತ್ತಾನೆ, ಮತ್ತೊಬ್ಬ ಬಿಟ್ಟಿರುತ್ತಾನೆ. ವಿಂಡೋಸಿನ ನೋಟ್‌ಪ್ಯಾಡ್ 2019ರವರೆಗೂ ಯುಟಿಎಫ್-8 ಕಡತದ ತಲೆಗೆ 65279ನೆಯ ಸಂಕೇತವನ್ನು ಗುರುತಾಗಿ ಸೇರಿಸುತ್ತಿತ್ತು; ಅಂತಹ ಕಡತವನ್ನು ಓದಿದಾಗ ಮೊದಲ ಪದಕ್ಕೆ ಆ ಗುರುತು ಅಂಟಿಕೊಂಡು ಬರುತ್ತದೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಸಂಕೇತಗಳನ್ನು ಬರೆಯುತ್ತದೆ. ಯುನಿಕ್ಸ್ ವಂಶದ ಲಿಸ್ಪುಗಳು ಒಂದನ್ನು ಮಾತ್ರ ಸಾಲಿನ ಗಡಿಯೆಂದು ತಿಳಿದು 13ನೆಯ ಸಂಕೇತವನ್ನು ಪದಕ್ಕೆ ಬಿಟ್ಟುಬಿಡುವುದುಂಟು. ಗದ್ಯದಲ್ಲಿ ಇದು ಅಷ್ಟಾಗಿ ಬಾಧಿಸದು. ಷಟ್ಪದಿಯ ಪಠ್ಯದಲ್ಲಿ ಪ್ರತಿ ಪಾದದ ಕೊನೆಯ ಪದವೂ ನಡುವೆ ಬಂದ ಅದೇ ಪದಕ್ಕಿಂತ ಬೇರೆಯೆಂದು ಎಣಿಕೆಯಾಗುತ್ತದೆ; ಹಾಗೆ ಸಿದ್ಧವಾದ ಪದಸೂಚಿಯ ಅಂಕಿಗಳು ಪ್ರಬಂಧಕ್ಕೆ ಸೇರಿದರೆ ಪರೀಕ್ಷಕರು ಕೂಡ ಅದನ್ನು ಪತ್ತೆಹಚ್ಚಲಾರರು.

ಅಕಾರಾದಿಯ ವಿಷಯಕ್ಕೆ ಬಂದರೆ, ಸಂಕೇತದ ಅಂಕಿಯನ್ನೇ ನೆಚ್ಚಿ ವಿಂಗಡಿಸಿದಾಗ ಬಹುಪಾಲು ಕ್ರಮ ಸರಿಯಾಗಿ ಬರುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೆ ಯೂನಿಕೋಡಿನಲ್ಲಿ ಳಕಾರ ಲಕಾರದ ಮಗ್ಗುಲಲ್ಲೇ, ವಕಾರಕ್ಕಿಂತ ಮೊದಲು ಇದೆ. ಹೀಗಾಗಿ ‘ಬಳಿ’ ಎಂಬುದು ‘ಬವಣೆ’ಗೂ ‘ಬಸವ’ನಿಗೂ ಮುಂಚೆ ಬಂದು ನಿಲ್ಲುತ್ತದೆ, ನಮ್ಮ ನಿಘಂಟುಗಳಲ್ಲಿ ಅದರ ಸ್ಥಾನ ‘ಬಹಳ’ದ ಅನಂತರ. ಹಳಗನ್ನಡದವರ ಪಾಡು ಇನ್ನೂ ಕಷ್ಟ. ಱಕಾರ 3249ರಲ್ಲಿ ರಕಾರದ ಪಕ್ಕದಲ್ಲಿದ್ದರೆ, ೞಕಾರ ಸ್ವರಚಿಹ್ನೆಗಳನ್ನೂ ವಿರಾಮವನ್ನೂ ದಾಟಿ 3294ರಲ್ಲಿ ದೂರ ಉಳಿದಿದೆ. ಆದ್ದರಿಂದ ವಿಂಗಡಣೆಯ ಕ್ರಮವನ್ನು ಒಂದು ಪಟ್ಟಿಯಾಗಿ ತಾವೇ ಬರೆದು ಲಿಸ್ಪಿನ ವಿಂಗಡಣಾ ಕ್ರಿಯೆಗೆ ಒಪ್ಪಿಸುವುದು ಲೇಸು. ತಯಾರಕರು ಒದಗಿಸುವ ಸಿದ್ಧ ಕ್ರಮ ಯಾವ ನಿಘಂಟಿನ ಸಂಪ್ರದಾಯವನ್ನು ಅನುಸರಿಸಿದೆಯೆಂಬುದನ್ನು ಹುಡುಕುತ್ತ ಹೋಗುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಇನ್ನು ಪರದೆಯ ಮೇಲೆ ಕಾಣುವ ಬಗೆ. ವಿಂಡೋಸಿನಲ್ಲಿ ಕನ್ನಡಕ್ಕೆ ಮೂಲಭೂತ ಬೆಂಬಲ ಬಂದುದು 2001ರ ಎಕ್ಸ್‌ಪಿ ಆವೃತ್ತಿಯೊಡನೆ. ತುಂಗಾ ಅಕ್ಷರಗಳು ಅದರ ಜೊತೆಯಲ್ಲಿ ಬಂದವು. ವ್ಯಂಜನ, ವಿರಾಮ, ವ್ಯಂಜನ ಎಂಬ ಸಾಲನ್ನು ಒತ್ತಕ್ಷರವಾಗಿ ಕೂಡಿಸಿ ತೋರಿಸುವ ಕೆಲಸ ಕಾರ್ಯಾಚರಣ ವ್ಯವಸ್ಥೆಯೊಳಗಿನ ಪ್ರತ್ಯೇಕ ಘಟಕದ್ದು. ಆ ಘಟಕವನ್ನು ಕರೆಯದ ಕಿಟಕಿಯಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ವಿಂಡೋಸಿನ ಹಳೆಯ ಕಪ್ಪು ಆದೇಶಕಿಟಕಿ ಅಂತಹದು. ಅಲ್ಲಿ ಚೌಕಗಳು, ಪ್ರಶ್ನೆಚಿಹ್ನೆಗಳು ಕಂಡವೆಂದು ಲಿಸ್ಪನ್ನು ದೂರುವುದು ಸಲ್ಲದು. ಒಳಗೆ ಪಠ್ಯ ಸರಿಯಾಗಿಯೇ ಇರಬಹುದು. ಸಂಕೇತಗಳ ಅಂಕಿಗಳನ್ನು ಕೇಳಿ ನೋಡಿದರೆ ನಿಜ ತಿಳಿಯುತ್ತದೆ.

ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಿದಾಗ ನಾವು ಮುಂದಿಡಬಯಸುವುದು ಎಸ್‌ಬಿಸಿಎಲ್ ಎಂಬ ಮುಕ್ತ ಲಿಸ್ಪನ್ನು, ಎಮ್ಯಾಕ್ಸ್ ಸಂಪಾದಕದ ಜೊತೆಯಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಲಿಸ್ಪೊಂದರಿಂದ 1999ರಲ್ಲಿ ಇದು ಕವಲೊಡೆಯಿತು. ಕಾರ್ನೆಗಿಯದು ಉಕ್ಕಿನ ಉದ್ಯಮ, ಮೆಲನ್‌ರದು ಬ್ಯಾಂಕು. ಹೆಸರಿನ ಮೊದಲ ಎರಡು ಅಕ್ಷರಗಳು ‘ಸ್ಟೀಲ್ ಬ್ಯಾಂಕ್’ ಎಂಬ ಆ ವಿನೋದವನ್ನು ಅಡಗಿಸಿಕೊಂಡಿವೆ. ಯೂನಿಕೋಡಿನ ಸಮಸ್ತ ಸಂಕೇತಗಳನ್ನೂ ಅದು ಪೂರ್ಣವಾಗಿ ಹಿಡಿದಿಡುತ್ತದೆ. ಮೇಲೆ ಹೇಳಿದ ಏಕರೂಪಗೊಳಿಸುವ ಕ್ರಿಯೆ, ಖಂಡಗಳಾಗಿ ಒಡೆಯುವ ಕ್ರಿಯೆ ಎರಡೂ ಅದರೊಳಗೆ ಸಿದ್ಧವಾಗಿವೆ. ಕ್ರಮವಿಧಿಯ ಹೆಸರುಗಳನ್ನೇ ಕನ್ನಡದಲ್ಲಿ ಇಡಬಹುದು. ‘ಅಕ್ಷರ-ಗಣನೆ’ ಎಂಬ ಕ್ರಿಯೆಯನ್ನು ಹೆಸರಿಸಿದರೆ ಅದು ಆಕ್ಷೇಪಿಸುವುದಿಲ್ಲ. ಪ್ರತಿ ಸಂಕೇತಕ್ಕೆ ಸ್ಮೃತಿಯಲ್ಲಿ ನಾಲ್ಕು ಬೈಟು ಬೇಕು. ಪದವೊಂದಕ್ಕೆ ಸರಾಸರಿ 8 ಸಂಕೇತಗಳೆಂದು ಹಿಡಿದರೂ ಹತ್ತು ಲಕ್ಷ ಪದಗಳ ಪಠ್ಯ 3.2 ಕೋಟಿ ಬೈಟುಗಳಲ್ಲಿ ಅಡಗುತ್ತದೆ. ಇಂದಿನ ಸಾಮಾನ್ಯ ಗಣಕಕ್ಕೆ ಇದು ಹೊರೆಯಲ್ಲ.

ಎಸ್‌ಬಿಸಿಎಲ್ ವಿಂಡೋಸಿನ ಮಟ್ಟಿಗೆ ಬಹುಕಾಲ ಹಿಂಜರಿಯುತ್ತಿತ್ತು. ಹಿಂದೆ ವಿಂಡೋಸಿನಲ್ಲಿ ಅದನ್ನು ತೆರೆದೊಡನೆ, ಇದು ಇನ್ನೂ ಪ್ರಯೋಗಾವಸ್ಥೆಯಲ್ಲಿದೆ, ಮೃತ್ಯುರೂಪಿ ಬೆಕ್ಕಿನಮರಿಯೊಂದು ತಮಗಾಗಿ ಕಾದಿದೆ ಎಂಬರ್ಥದ ವಿಚಿತ್ರ ಎಚ್ಚರಿಕೆ ಕಾಣಿಸುತ್ತಿತ್ತು. ಆ ಮರಿ ಈಗಿಲ್ಲ. ಆದರೂ ಇದರಲ್ಲಿ ಸ್ವಂತದ ಕಿಟಕಿಗಳಿಲ್ಲವೆಂಬ ಕೊರತೆ ಉಳಿದಿದೆ. ಸಂವಾದವೆಲ್ಲ ಎಮ್ಯಾಕ್ಸಿನ ಮೂಲಕ ನಡೆಯಬೇಕು. 2003ರಲ್ಲಿ ಆರಂಭವಾದ ಸ್ಲೈಮ್ ಎಂಬ ಸೇತುವೆ ಇವೆರಡನ್ನು ಜೋಡಿಸುತ್ತದೆ: ಸಂಪಾದಕದಲ್ಲಿ ಬರೆದ ಕ್ರಿಯೆಯನ್ನು ಒಂದು ಕೀಲಿಯೊತ್ತಿ ಲಿಸ್ಪಿಗೆ ಕಳುಹಿಸಬಹುದು, ದೋಷ ಬಂದಾಗ ಕೆಲಸ ನಿಂತ ಸ್ಥಳದಲ್ಲೇ ಮೌಲ್ಯಗಳನ್ನು ಪರಿಶೀಲಿಸಬಹುದು. ಎಮ್ಯಾಕ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಕ್ರಮದ ಕನ್ನಡ ಕೀಲಿವಿನ್ಯಾಸಗಳು ಮೊದಲಿನಿಂದಲೇ ಸೇರಿವೆ. 2020ರ 27ನೆಯ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ಘಟಕ ಬಂದ ಮೇಲೆ ಒತ್ತಕ್ಷರಗಳ ರೂಪ ತೃಪ್ತಿಕರವಾಗಿದೆ. ಎಮ್ಯಾಕ್ಸನ್ನು ಕಲಿಯುವುದು ಸುಲಭವೆಂದು ಹೇಳಿ ಓದುಗರನ್ನು ವಂಚಿಸಲಾರೆವು. ಮೊದಲ ಎರಡು ವಾರ ಬೆರಳುಗಳು ಪ್ರತಿಭಟಿಸುತ್ತವೆ.

ಹಣ ತೆತ್ತು ಪಡೆಯುವ ಪರಿಸರಗಳಲ್ಲಿ ಲಿಸ್ಪ್‌ವರ್ಕ್ಸ್ ಮತ್ತು ಅಲೆಗ್ರೊ ಮುಖ್ಯವಾದವು. ಇಂಗ್ಲೆಂಡಿನ ಹಾರ್ಲೆಕ್ವಿನ್ ಸಂಸ್ಥೆಯಲ್ಲಿ ಹುಟ್ಟಿದ ಲಿಸ್ಪ್‌ವರ್ಕ್ಸ್ ನಿಜವಾದ ಅರ್ಥದಲ್ಲಿ ಚಿತ್ರಾತ್ಮಕ ಪರಿಸರ. ಸಂಪಾದಕ, ಪರಿಶೀಲಕ, ದೋಷಶೋಧಕಗಳೆಲ್ಲ ವಿಂಡೋಸಿನ ಕಿಟಕಿಗಳಾಗಿ ತೆರೆಯುತ್ತವೆ. ಅದರ ಕ್ಯಾಪಿ ಎಂಬ ಉಪಕರಣದಿಂದ ಕಟ್ಟಿದ ಕಿಟಕಿಗಳು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಉಚಿತವಾದ ಪರ್ಸನಲ್ ಆವೃತ್ತಿಯೊಂದಿದೆ. ಅದಕ್ಕೆ ಸ್ಮೃತಿಯ ಮಿತಿಯುಂಟು, ಐದು ಗಂಟೆಗಳಾದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ, ಸಿದ್ಧವಾದ ತಂತ್ರಾಂಶವನ್ನು ಬೇರೆಯವರಿಗೆ ಕೊಡುವ ರೂಪದಲ್ಲಿ ಕಟ್ಟಲು ಅದು ಬಿಡುವುದಿಲ್ಲ. ಪದಸೂಚಿಯನ್ನು ಕಿಟಕಿಗಳುಳ್ಳ ತಂತ್ರಾಂಶವಾಗಿ ಸಹೋದ್ಯೋಗಿಗಳಿಗೆ ಒದಗಿಸುವ ಉದ್ದೇಶವಿದ್ದವರಿಗೆ ಇದು ಯೋಗ್ಯ. ಆದರೆ ಅದರ ಕಿಟಕಿಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆಯೇ ಎಂಬುದನ್ನು ಹಣ ತೆರುವ ಮೊದಲು ಉಚಿತ ಆವೃತ್ತಿಯಲ್ಲಿ ಸ್ವತಃ ನೋಡಿಕೊಳ್ಳತಕ್ಕದ್ದು. ಮಾರಾಟಗಾರರ ‘ಯೂನಿಕೋಡ್ ಬೆಂಬಲ’ ಎಂಬ ಮಾತು ಸಂಕೇತಗಳಿಗೆ ಸಂಬಂಧಿಸಿದುದು, ಆಕಾರಗಳಿಗಲ್ಲ. ಅಮೆರಿಕದ ಫ್ರಾಂಜ್ ಸಂಸ್ಥೆಯ ಅಲೆಗ್ರೊ ದೊಡ್ಡ ಉದ್ಯಮಗಳನ್ನು ಗಮನದಲ್ಲಿಟ್ಟುಕೊಂಡ ಪರಿಸರ. ಒಬ್ಬ ಸಂಶೋಧಕನಿಗೆ ಅದರ ಬೆಲೆ ಭಾರವಾದೀತು.

ವಿಂಡೋಸಿಗೆಂದೇ ಹುಟ್ಟಿದ ಕಾರ್ಮನ್ ಲಿಸ್ಪಿನ ಮೂಲಸಂಕೇತ ಈಗ ಮುಕ್ತವಾಗಿದ್ದರೂ ಅದು 32 ಬಿಟ್‌ಗಳ ಕಾಲದ ಕೃತಿ, ಹೊಸ ಕೆಲಸಕ್ಕೆ ಸಲಹೆಮಾಡಲಾರೆವು. ಜರ್ಮನಿಯ ಕ್ಲಿಸ್ಪ್ ಯೂನಿಕೋಡನ್ನು ಚೆನ್ನಾಗಿ ಬಲ್ಲದು. ಆದರೆ ಅದರ 2.49ನೆಯ ಆವೃತ್ತಿ 2010ರಲ್ಲಿ ಬಂದ ಮೇಲೆ ಬೆಳವಣಿಗೆ ಮಂದವಾಯಿತು. 1987ರಲ್ಲಿ ಮ್ಯಾಕಿಂಟಾಶಿಗಾಗಿ ಕೋರಲ್ ಎಂಬ ಸಂಸ್ಥೆ ತಂದ ಲಿಸ್ಪಿನ ಸಂತತಿ ಕ್ಲೋಜರ್ ಸಿಎಲ್. ಇದನ್ನು 2007ರಲ್ಲಿ ಬಂದ, ಜಾವಾ ಯಂತ್ರದ ಮೇಲೆ ನಡೆಯುವ ಕ್ಲೋಜರ್ ಎಂಬ ಇನ್ನೊಂದು ಭಾಷೆಯೊಡನೆ ಗೊಂದಲ ಮಾಡಿಕೊಳ್ಳಬಾರದು. ಇಂಗ್ಲಿಷಿನಲ್ಲಿ ಒಂದು ಅಕ್ಷರದ ವ್ಯತ್ಯಾಸವಿದೆ, ಕನ್ನಡದಲ್ಲಿ ಬರೆದಾಗ ಅದೂ ಅಳಿಸಿಹೋಗುತ್ತದೆ. ಮ್ಯಾಕ್ ಗಣಕವುಳ್ಳವರಿಗೆ ಕೂಡ ನಮ್ಮ ಸಲಹೆ ಎಸ್‌ಬಿಸಿಎಲ್. ಆಪಲ್ ಸಂಸ್ಥೆಯ ಹೊಸ ಸಂಸ್ಕಾರಕಗಳ ಮೇಲೆ ಅದು 2021ರಿಂದ ನಡೆಯುತ್ತಿದೆ.

ಕ್ರಮವಿಧಿಯ ಅನುಭವವೇ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗಳ ಮಾತು ಬೇರೆ. ಅವರಿಗೆ ರ‍್ಯಾಕೆಟ್ ಹೆಚ್ಚು ಸೂಕ್ತವೆನಿಸುತ್ತದೆ. ಅದು ಲಿಸ್ಪ್ ವಂಶದ ಸ್ಕೀಮ್ ಶಾಖೆಗೆ ಸೇರಿದುದು. 1995ರಲ್ಲಿ ಬೋಧನೆಗಾಗಿ ಆರಂಭವಾದ ಯೋಜನೆಯಿಂದ ಬಂದು 2010ರಲ್ಲಿ ಈ ಹೆಸರು ಪಡೆಯಿತು. ಒಂದೇ ಬಾರಿ ಸ್ಥಾಪಿಸಿದರೆ ಸಂಪಾದಕ, ಸಂವಾದದ ಕಿಟಕಿ, ಕೈಪಿಡಿ ಎಲ್ಲವೂ ಬರುತ್ತವೆ. ಏಕರೂಪಗೊಳಿಸುವ ಕ್ರಿಯೆ ಭಾಷೆಯಲ್ಲೇ ಇದೆ. ಆದರೆ ರ‍್ಯಾಕೆಟ್ ಒಂದೇ ತಂಡದ ಕೃತಿ. ಕಾಮನ್ ಲಿಸ್ಪಿನ ಹಾಗೆ ಹಲವು ತಯಾರಕರು ಒಪ್ಪಿದ ಮಾನಕ ಅದಕ್ಕಿಲ್ಲ. ಒಂದು ಪ್ರಬಂಧದ ಅವಧಿಗೆ ಇದು ಅಡ್ಡಿಯಲ್ಲ, ಇಪ್ಪತ್ತು ವರ್ಷಗಳ ಕೋಶಕಾರ್ಯಕ್ಕೆ ಯೋಚಿಸಬೇಕಾದ ಸಂಗತಿ.

ಕಾಲದ ಮಾತು ಬಂದುದರಿಂದ ಲಿಸ್ಪಿಗೇ ವಿಶಿಷ್ಟವಾದ ಒಂದು ಅಪಾಯವನ್ನು ವಿವರವಾಗಿ ಹೇಳಬೇಕಾಗಿದೆ. ಲಿಸ್ಪಿನಲ್ಲಿ ನಡೆಯುತ್ತಿರುವ ಇಡೀ ಪರಿಸರವನ್ನು, ಅಂದರೆ ಕ್ರಿಯೆಗಳು, ಪಟ್ಟಿಗಳು, ಅದುವರೆಗೆ ಓದಿದ ಪಠ್ಯ ಎಲ್ಲವನ್ನೂ, ಇದ್ದ ಸ್ಥಿತಿಯಲ್ಲೇ ಒಂದು ಪ್ರತಿಬಿಂಬ ಕಡತವಾಗಿ ಉಳಿಸಿಡಬಹುದು. ಎಸ್‌ಬಿಸಿಎಲ್‌ನಲ್ಲಿ ಈ ಆದೇಶದ ಹೆಸರು ‘ಉಳಿಸಿ ಸಾಯು’ ಎಂಬರ್ಥದ್ದು. ಮರುದಿನ ತೆರೆದರೆ ನಿಂತಲ್ಲಿಂದ ಕೆಲಸ ಮುಂದುವರಿಯುತ್ತದೆ. ಈ ಅನುಕೂಲಕ್ಕೆ ಮರುಳಾಗಿ ವರ್ಷಗಟ್ಟಲೆ ಕೂಡಿಸಿದ ಪದಚೀಟಿಗಳನ್ನು ಪ್ರತಿಬಿಂಬದಲ್ಲಿ ಮಾತ್ರ ಇಟ್ಟುಕೊಂಡವರ ಗತಿಯೇನು? ಒಂದು ಆವೃತ್ತಿಯಲ್ಲಿ ಉಳಿಸಿದ ಪ್ರತಿಬಿಂಬ ಅದೇ ಲಿಸ್ಪಿನ ಮುಂದಿನ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಪರವಾನಗಿ ಬೇಕಾದ ಪರಿಸರವಾದರೆ ಇನ್ನೂ ಒಂದು ತೊಡಕು. ಅನುದಾನದಿಂದ ಕೊಂಡ ಪರವಾನಗಿ ಸಾಮಾನ್ಯವಾಗಿ ವಿಭಾಗದ ಹೆಸರಿನಲ್ಲಿರುತ್ತದೆ. ಯೋಜನೆ ಮುಗಿದು, ಸಂಶೋಧಕ ಬೇರೆ ಊರಿಗೆ ಹೋಗಿ, ಗಣಕವೂ ಬದಲಾದಾಗ ಪಠ್ಯ ಒಬ್ಬರಲ್ಲಿ, ಅದನ್ನು ತೆರೆಯುವ ಅಧಿಕಾರ ಇನ್ನೊಬ್ಬರಲ್ಲಿ ಉಳಿಯುತ್ತದೆ. ರಾಜ್ಯದ ಹೊರಗಿನ ಕನ್ನಡ ಕೆಲಸದಲ್ಲಿ ಹುದ್ದೆಗಳು ಕಡಿಮೆ, ಒಬ್ಬರ ಸ್ಥಾನಕ್ಕೆ ಇನ್ನೊಬ್ಬರು ಬರುವುದು ಎಷ್ಟೋ ವರ್ಷಗಳ ಮೇಲೆ. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಮುದ್ರಿಸಿದ ಕಿಟ್ಟೆಲ್ ಕೋಶವನ್ನು ಇಂದು ಯಾರ ಅಪ್ಪಣೆಯೂ ಇಲ್ಲದೆ ತೆರೆದು ಓದುತ್ತೇವೆ. ಗಣಕದಲ್ಲಿ ಸಿದ್ಧವಾಗುವ ಸಾಮಗ್ರಿಗೂ ಅಷ್ಟು ಆಯುಷ್ಯ ಬೇಕಾದರೆ ಅದು ಸಾದಾ ಯುಟಿಎಫ್-8 ಪಠ್ಯದ ಕಡತಗಳಲ್ಲಿರಬೇಕು, ನಿಯಮಗಳೂ ಆವರಣಗಳ ಪಟ್ಟಿಯಾಗಿ ಅಂತಹ ಕಡತದಲ್ಲೇ ಇರಬೇಕು. ಲಿಸ್ಪ್ ಅವನ್ನು ಪ್ರತಿ ಬಾರಿ ಓದಿಕೊಳ್ಳಲಿ. ಲಕ್ಷ ಚೀಟಿಗಳನ್ನು ಮತ್ತೆ ಓದಲು ತಗಲುವುದು ಕೆಲವು ಕ್ಷಣಗಳು ಮಾತ್ರ.

ಮುಕ್ತ ಲಿಸ್ಪಿನಲ್ಲಿ ಕಿಟಕಿಗಳಿಲ್ಲದ ಕೊರತೆಗೆ ನಾವು ಅನುಸರಿಸುವ ಉಪಾಯ ಸರಳವಾದುದು. ಫಲಿತಾಂಶವನ್ನು ಎಚ್‌ಟಿಎಂಎಲ್ ಕಡತವಾಗಿ ಬರೆಯಿಸಿ ಬ್ರೌಸರಿನಲ್ಲಿ ತೆರೆಯುವುದು. ಒತ್ತಕ್ಷರಗಳನ್ನು ಕೂಡಿಸುವ ಭಾರವನ್ನು ಬ್ರೌಸರ್ ಹೊರುತ್ತದೆ. ಅದೇ ಕಡತವನ್ನು ಮುದ್ರಣಕ್ಕೂ, ಲಿಸ್ಪಿನ ಹೆಸರೇ ಕೇಳದ ಸಹೋದ್ಯೋಗಿಗೂ ಕಳುಹಿಸಬಹುದು.

ಸ್ಥಾಪಿಸುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಎಮ್ಯಾಕ್ಸ್ ತನ್ನ ಮನೆಯೆಂದು ತಿಳಿಯುವ ಕಡತಕೋಶ ಒಂದು, ಎಸ್‌ಬಿಸಿಎಲ್ ಸ್ವತಂತ್ರವಾಗಿ ನಡೆದಾಗ ತಿಳಿಯುವುದು ಇನ್ನೊಂದು. ‘ಹೋಮ್’ ಎಂಬ ಪರಿಸರಚಲಕಕ್ಕೆ ತಾವೇ ಒಂದು ಬೆಲೆ ಕೊಟ್ಟು ಎರಡನ್ನೂ ಒಂದೇ ಮನೆಗೆ ಸೇರಿಸದಿದ್ದರೆ, 2010ರಿಂದ ಲಭ್ಯವಿರುವ ಕ್ವಿಕ್‌ಲಿಸ್ಪ್ ಭಂಡಾರದಿಂದ ತರಿಸಿಕೊಂಡ ಉಪಕರಣಗಳು ಒಂದು ಕಡೆ ಸಿಕ್ಕು ಇನ್ನೊಂದು ಕಡೆ ಸಿಗದೆ ಹೋಗುತ್ತವೆ. ಎರಡನೆಯದಾಗಿ, ಕಡತ ತೆರೆಯುವ ಪ್ರತಿಯೊಂದು ಆದೇಶದಲ್ಲಿಯೂ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಬೇಕು. ಪೂರ್ವನಿಯೋಜಿತ ಕ್ರಮ ಆವೃತ್ತಿಯಿಂದ ಆವೃತ್ತಿಗೆ, ಗಣಕದಿಂದ ಗಣಕಕ್ಕೆ ಬದಲಾಗುವುದುಂಟು. ಇಷ್ಟಾದ ಮೇಲೆ ತಮ್ಮ ಪಠ್ಯದಿಂದಲೇ ಹತ್ತು ಸಾಲುಗಳ ಒಂದು ಪರೀಕ್ಷಾ ಕಡತವನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಱ, ೞ, ಳ ಇರಲಿ. ಅರ್ಕಾವತ್ತು, ದೀರ್ಘ ಓಕಾರ ಇರಲಿ. ಸಾಲಿನ ನಡುವೆಯೂ ಕೊನೆಯಲ್ಲೂ ಬರುವ ಒಂದೇ ಪದವಿರಲಿ. ಯಾವ ಲಿಸ್ಪಿನ ಹೊಸ ಆವೃತ್ತಿ ಬಂದರೂ ಮೊದಲು ಅದಕ್ಕೆ ಈ ಹತ್ತು ಸಾಲುಗಳನ್ನು ಕೊಟ್ಟು, ಕೈಯಿಂದ ಎಣಿಸಿಟ್ಟ ಅಂಕಿಗಳೊಡನೆ ಹೋಲಿಸಿ ನೋಡಬೇಕು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಸಂಕೇತಗಳಲ್ಲಿರುವ ಕಡತಗಳನ್ನು ಮಾತ್ರ ಈ ಪರೀಕ್ಷೆಗೆ ತರಬಾರದು. ಅಲ್ಲಿರುವುದು ಕನ್ನಡದ ಸಂಕೇತಗಳಲ್ಲ, ಅಕ್ಷರದ ತುಂಡುಗಳ ಸ್ಥಾನಸೂಚಿಗಳು. ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಮುದ್ರಿತ ಪ್ರತಿಯೊಡನೆ ಒಮ್ಮೆ ಓದಿ ತಿದ್ದಿದ ಅನಂತರವೇ ಲಿಸ್ಪಿನ ಕೈಗೆ ಕೊಡತಕ್ಕದ್ದು.